ಗೇಜಿನಲ್ಲಿ ಕೂರುವ ತೋಟಾ ಪಿಸ್ತೂಲಿನಲ್ಲಿ ಏಕೆ ಸಿಕ್ಕಿಕೊಳ್ಳುತ್ತದೆ?

(ಬೆಂಗಳೂರಿನಲ್ಲಿ ಟೂಲ್‌ರೂಮ್ ತಂತ್ರಜ್ಞರು ಮತ್ತು ಪಿಸ್ತೂಲು ಶೂಟಿಂಗ್ ಕ್ರೀಡಾಪಟುಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ.)

ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚಕ್ಕೆ, ಅಂದರೆ ಕೇಸಿಗೆ, ಮತ್ತೆ ಮದ್ದು ಹಾಕಿ ಗುಂಡು ಕೂರಿಸಿ ಕೈಯಲ್ಲೇ ತುಂಬಿದ ಪಿಸ್ತೂಲಿನ ತೋಟಾ ಕೈಕೊಟ್ಟಾಗ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು: ಅಳತೆ ಪರೀಕ್ಷಿಸುವ ಗೇಜಿನಲ್ಲಿ ಸರಿಯಾಗಿಯೇ ಕುಳಿತಿತ್ತು, ಆದರೂ ಪಿಸ್ತೂಲಿನಲ್ಲಿ ಸಿಕ್ಕಿಕೊಂಡಿತು. ಈ ದೂರಿನೊಳಗೆ ಎರಡು ಪ್ರಶ್ನೆಗಳು ಕಲಸಿಹೋಗಿವೆ. ತೋಟಾ ಬ್ಯಾರಲ್ಲಿನ ಹಿಂತುದಿಯ ಕುಳಿಯಾದ ಚೇಂಬರಿನೊಳಗೆ ಕೂರುತ್ತದೆಯೇ ಎಂಬುದು ಅಳತೆಯ ಪ್ರಶ್ನೆ. ತೋಟಾಗಳನ್ನು ತುಂಬಿಡುವ ಮ್ಯಾಗಜೀನಿನ ತುಟಿಯಿಂದ ಹೊರಟು ಚೇಂಬರಿನವರೆಗೆ ತಡೆಯಿಲ್ಲದೆ ಬರುತ್ತದೆಯೇ ಎಂಬುದು ಚಲನೆಯ ಪ್ರಶ್ನೆ. ಮೊದಲನೆಯದಕ್ಕೆ ಮೈಕ್ರೋಮೀಟರ್ ಮತ್ತು ಗೇಜುಗಳು ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಪಿಸ್ತೂಲೇ ಉತ್ತರ ಕೊಡಬೇಕು. ಇವೆರಡನ್ನು ಬೇರ್ಪಡಿಸದೆ, ಕೇಸನ್ನು ಆಕಾರಕ್ಕೆ ಒತ್ತುವ ಡೈಗಳನ್ನು ತಿರುಗಿಸುತ್ತ ಹೋದರೆ ಒಂದು ದೋಷ ಕಳೆಯುವಷ್ಟರಲ್ಲಿ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಇಂದು ನಾನು ಮೊದಲು ಕೂರುವುದನ್ನು, ಆಮೇಲೆ ಬರುವುದನ್ನು ವಿವರಿಸುತ್ತೇನೆ.

ಅದಕ್ಕೂ ಮೊದಲು ಕಾನೂನಿನ ಮಾತೊಂದನ್ನು ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮ ದೇಶದಲ್ಲಿ ಅಪರಾಧ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಪ್ರೆಸ್ಸು ಕೂರಿಸಿಕೊಂಡು ತೋಟಾ ತುಂಬುವ ಹವ್ಯಾಸ ಬಹಳ ಹಳೆಯದು, ಈ ವಿಷಯದಲ್ಲಿ ಬೆಳೆದಿರುವ ತಿಳಿವಳಿಕೆಯ ಬಹುಪಾಲು ಅಲ್ಲಿಯದೇ. ನಾವು ಅದನ್ನು ಇಲ್ಲಿ ಅಳತೆಶಾಸ್ತ್ರದ ಒಂದು ಸಮಸ್ಯೆಯಾಗಿ ನೋಡುತ್ತಿದ್ದೇವೆ. ಮದ್ದಿನ ಪ್ರಮಾಣದ ಬಗ್ಗೆ ಇಂದು ಒಂದು ಅಂಕಿಯನ್ನೂ ಹೇಳುವುದಿಲ್ಲ. ಮೇಜಿನ ಮೇಲಿರುವುದು ತೋಟಾ ಅಲ್ಲ, ಐದು ಪಟ್ಟು ದೊಡ್ಡದಾಗಿ ಲೇತಿನಲ್ಲಿ ತೆಗೆದ ಅಲ್ಯೂಮಿನಿಯಂ ಮಾದರಿ. ಅದರ ಪಕ್ಕದಲ್ಲಿರುವುದು ಅದೇ ಪ್ರಮಾಣದ ಚೇಂಬರು, ಒಳಗೆ ಕಾಣಲೆಂದು ಉದ್ದಕ್ಕೆ ಸೀಳಿಡಲಾಗಿದೆ.

ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ. ಇದು 9 ಮಿ.ಮೀ. ಲೂಗರ್ ತೋಟಾದ ಕೇಸು. 1902ರ ಈ ವಿನ್ಯಾಸವನ್ನು ದೂರದಿಂದ ನೋಡಿದವರು ನೇರ ಕೊಳವೆ ಎಂದೇ ತಿಳಿಯುತ್ತಾರೆ. ಬುಡದ ಬಳಿ ಬೆರಳಿಟ್ಟು ಬಾಯಿಯ ಕಡೆಗೆ ಎಳೆದರೆ ಬೆರಳಿಗೆ ಇಳಿಜಾರು ತಿಳಿಯುತ್ತದೆ. ನಿಜವಾದ ತೋಟಾದಲ್ಲಿ ಬುಡದ ವ್ಯಾಸ 9.93 ಮಿ.ಮೀ., ಬಾಯಿಯ ವ್ಯಾಸ 9.65 ಮಿ.ಮೀ., ಎರಡೂ ಗರಿಷ್ಠ ಮಿತಿಗಳು. ಮಾದರಿಯಲ್ಲಿ ಈ ವ್ಯತ್ಯಾಸ 1.4 ಮಿ.ಮೀ. ಆಗಿರುವುದರಿಂದ ಕಣ್ಣಿಗೆ ಬೀಳುತ್ತದೆ, ತೋಟಾದಲ್ಲಿ 0.28 ಮಿ.ಮೀ. ಮಾತ್ರ ಇರುವುದರಿಂದ ಬೀಳುವುದಿಲ್ಲ. ಕೇಸಿನ ಗರಿಷ್ಠ ಉದ್ದ 19.15 ಮಿ.ಮೀ. ಈಗ ಸೀಳಿಟ್ಟ ಚೇಂಬರಿನ ಮುಂಭಾಗದಲ್ಲಿ ಒಂದು ಸಣ್ಣ ಮೆಟ್ಟಿಲನ್ನು ಗಮನಿಸಿ. ಕೇಸಿನ ಬಾಯಿಯ ಅಂಚು ಹೋಗಿ ನಿಲ್ಲಬೇಕಾದ ಜಾಗ ಅದು. ರಿವಾಲ್ವರಿನ ತೋಟಾಕ್ಕೆ ಹೊರಚಾಚಿದ ರಿಮ್ಮು ಇರುತ್ತದೆ, ಅದು ಸಿಲಿಂಡರಿನ ಹಿಂಬದಿಗೆ ತಾಗಿ ತೋಟಾವನ್ನು ಹಿಡಿದು ನಿಲ್ಲಿಸುತ್ತದೆ. ಇದರ ರಿಮ್ಮು ಹಾಗೆ ಹೊರಚಾಚಿಲ್ಲ. ಕೇಸಿನ ಗೋಡೆಯ ದಪ್ಪದಷ್ಟು, ಅಂದರೆ ಮಿಲಿಮೀಟರಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಉಂಗುರವೇ ಇಡೀ ತೋಟಾವನ್ನು ಸ್ಥಳದಲ್ಲಿ ನಿಲ್ಲಿಸಬೇಕು. ಇಂದಿನ ಮಾತಿನ ಮುಕ್ಕಾಲು ಭಾಗ ಈ ಉಂಗುರದ ಸುತ್ತಲೇ ತಿರುಗುತ್ತದೆ.

ಕೂರದ ತೋಟಾ ಸಾಮಾನ್ಯವಾಗಿ ಮೂರು ಜಾಗಗಳಲ್ಲಿ ಎಲ್ಲಾದರೂ ತಡೆದಿರುತ್ತದೆ: ಬುಡದಲ್ಲಿ, ಬಾಯಿಯಲ್ಲಿ ಅಥವಾ ಗುಂಡಿನ ಭುಜದಲ್ಲಿ.

ಬುಡದ ವಿಷಯ ಬೇಗ ಮುಗಿಯುತ್ತದೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೇಸು ಚೇಂಬರಿನ ಆಕಾರಕ್ಕೆ ಉಬ್ಬಿರುತ್ತದೆ, ಅದನ್ನು ಸೈಜಿಂಗ್ ಡೈಯೊಳಗೆ ಒತ್ತಿ ಹಳೆಯ ಅಳತೆಗೆ ತರುತ್ತಾರೆ. ಡೈಯ ಕಾರ್ಬೈಡ್ ಉಂಗುರದ ಬಾಯಿಯನ್ನು ಕೇಸು ಸಲೀಸಾಗಿ ಒಳಹೋಗಲೆಂದು ದುಂಡಗೆ ಮಾಡಿರುತ್ತಾರೆ, ಕೆಳಗಡೆ ಶೆಲ್ ಹೋಲ್ಡರು ಕೇಸನ್ನು ಕಚ್ಚಿಕೊಂಡಿರುತ್ತದೆ. ಹೀಗಾಗಿ ಬುಡದ ಕಟ್ಟಕಡೆಯ ಭಾಗಕ್ಕೆ ಡೈ ತಲುಪುವುದೇ ಇಲ್ಲ. ಬುಡದ ಕೆಳಭಾಗಕ್ಕೆ ಪೂರ್ತಿ ಆಸರೆ ಕೊಡದ ಚೇಂಬರಿನಲ್ಲಿ ಹಾರಿದ ಕೇಸು ಅಲ್ಲಿಯೇ ಉಬ್ಬಿದ್ದರೆ ಆ ಉಬ್ಬು ಹಾಗೆಯೇ ಉಳಿದು, ಮುಂದೆ ಬಿಗಿಯಾದ ಇನ್ನೊಂದು ಚೇಂಬರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೇರ ಗೋಡೆಯ .40 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ಕೇಸನ್ನು ಒಂದು ಉಂಗುರದ ಮೂಲಕ ಪೂರ್ತಿ ದಾಟಿಸಿ ಈ ಉಬ್ಬನ್ನು ತೆಗೆಯುವ ಉಪಕರಣಗಳಿವೆ. 9 ಮಿ.ಮೀ. ಕೇಸಿಗೆ ಟೇಪರು, ಅಂದರೆ ಬಾಯಿಯ ಕಡೆಗೆ ಇಳಿಜಾರು, ಇರುವುದರಿಂದ ಆ ಉಪಾಯ ಅದೇ ರೀತಿಯಲ್ಲಿ ನಡೆಯುವುದಿಲ್ಲ, ಬುಡಕ್ಕೆ ಸರಿಹೋಗುವ ಉಂಗುರ ಬಾಯಿಗೆ ಸಡಿಲವಾಗುತ್ತದೆ. ಡೈಯನ್ನು ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿಯೂ ಬುಡ ತಡೆಯುತ್ತಿದ್ದರೆ ಅಂಥ ಕೇಸನ್ನು ಗುಜರಿಗೆ ಹಾಕುವುದೇ ಸರಿ.

ಬಾಯಿಯ ವಿಷಯಕ್ಕೆ ಬರೋಣ, ತಾಪತ್ರಯದ ತವರು ಇದೇ. ಗುಂಡನ್ನು ಕೇಸಿನೊಳಗೆ ಕೂರಿಸುವ ಮೊದಲು ಬಾಯಿಯನ್ನು ಆಲಿಕೆಯಂತೆ ಸ್ವಲ್ಪ ಅರಳಿಸಬೇಕು, ಇಲ್ಲದಿದ್ದರೆ ಅಂಚು ಗುಂಡಿನ ಮೈಯನ್ನು ಹೆರೆಯುತ್ತದೆ. ಗುಂಡು ಕುಳಿತ ಮೇಲೆ ಆ ಅರಳನ್ನು ಮುಚ್ಚಿ ಬಾಯಿಯನ್ನು ಮತ್ತೆ ನೇರ ಮಾಡಬೇಕು. ಇದಕ್ಕೆ ಟೇಪರ್ ಕ್ರಿಂಪ್ ಎನ್ನುತ್ತಾರೆ. ಈ ಹೆಸರಿನಿಂದಾಗಿ ಕ್ರಿಂಪೇ ಗುಂಡನ್ನು ಹಿಡಿದಿಡುತ್ತದೆ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಗುಂಡನ್ನು ಹಿಡಿಯುವುದು ಸೈಜಿಂಗ್ ಡೈ ಕೇಸಿಗೆ ಕೊಟ್ಟ ಬಿಗಿ. ಕ್ರಿಂಪಿನ ಕೆಲಸ ಅರಳನ್ನು ಅಳಿಸುವಷ್ಟಕ್ಕೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಒತ್ತಿದರೆ ಫಲ ಉಲ್ಟಾ ಆಗುತ್ತದೆ: ಹಿತ್ತಾಳೆಗೆ ಮರಳಿ ಹಿಗ್ಗುವ ಗುಣವಿದೆ, ಗುಂಡಿನ ಸೀಸಕ್ಕೆ ಅದಿಲ್ಲ, ಆದ್ದರಿಂದ ಒತ್ತಡ ತೆಗೆದ ಕೂಡಲೇ ಕೇಸು ತುಸು ಹಿಂದಕ್ಕೆ ಹಿಗ್ಗಿ, ಕುಗ್ಗಿದ ಗುಂಡು ಕುಗ್ಗಿಯೇ ಉಳಿದು, ಬಿಗಿ ಮಾಡಲೆಂದು ಹಾಕಿದ ಕ್ರಿಂಪಿನಿಂದಲೇ ಗುಂಡು ಸಡಿಲಾಗುತ್ತದೆ. ಇನ್ನು ರಿವಾಲ್ವರಿನ ತೋಟಾಕ್ಕೆ ಮಾಡುವಂತೆ ಬಾಯಿಯನ್ನು ಒಳಮಡಚಿದರೆ ಮೆಟ್ಟಿಲಿನ ಮೇಲೆ ನಿಲ್ಲಬೇಕಾದ ಉಂಗುರವೇ ಮಾಯವಾಗುತ್ತದೆ. ತೋಟಾ ಇರಬೇಕಾದ್ದಕ್ಕಿಂತ ಮುಂದಕ್ಕೆ ಜಾರಬಹುದು, ಹೊಡೆತ ಸರಿಯಾಗಿ ಬೀಳದೆ, ಮದ್ದಿಗೆ ಕಿಡಿ ಕೊಡುವ ಪ್ರೈಮರು ಹೊತ್ತದೆಯೂ ಹೋಗಬಹುದು.

ಈಗ ಒಂದು ಸಣ್ಣ ಕೂಡುವ ಲೆಕ್ಕ. ತಾಮ್ರದ ಹೊದಿಕೆಯ 9 ಮಿ.ಮೀ. ಗುಂಡಿನ ವ್ಯಾಸ 0.355 ಇಂಚು, ಅಂದರೆ 9.02 ಮಿ.ಮೀ. ಕೇಸಿನ ಗೋಡೆ ಬಾಯಿಯ ಬಳಿ 0.28 ಮಿ.ಮೀ. ದಪ್ಪವಿದೆ ಎಂದಿಟ್ಟುಕೊಂಡು ಎರಡೂ ಬದಿ ಸೇರಿಸಿದರೆ 9.58 ಆಗುತ್ತದೆ. ಮಿತಿ 9.65, ಆದ್ದರಿಂದ 70 ಮೈಕ್ರಾನಿನ ಅವಕಾಶ ಉಳಿಯಿತು. ಈಗ ಅದೇ ಜಾಗಕ್ಕೆ 0.357 ಇಂಚಿನ ಸೀಸದ ಗುಂಡನ್ನು ತನ್ನಿ, 9.07 ಮಿ.ಮೀ. ಆಯಿತು. ಕೇಸು ಬೇರೆ ತಯಾರಕರದಾಗಿದ್ದು ಅದರ ಗೋಡೆ 0.30 ಮಿ.ಮೀ. ಇದ್ದರೆ ಮೊತ್ತ 9.67. ಡೈಗಳ ಹೊಂದಿಕೆ ಬದಲಾಗಿಲ್ಲ, ಮಾಡುವವರ ಕೈ ತಪ್ಪಿಲ್ಲ, ಆದರೂ ಮಿತಿ ದಾಟಿದೆ. ನಾನಾ ತಯಾರಕರ ಕೇಸುಗಳನ್ನು ಬೆರೆಸಿ ಬಳಸುವವರಿಗೆ ಹತ್ತು ತೋಟಾ ಸಲೀಸಾಗಿ ಕುಳಿತು ಹನ್ನೊಂದನೆಯದು ತಡೆಯುವುದು ಬಹುಮಟ್ಟಿಗೆ ಈ ಕಾರಣದಿಂದ. ಅಂಥ ಸಂದರ್ಭದಲ್ಲಿ ಎಲ್ಲವಕ್ಕೂ ಕ್ರಿಂಪ್ ಬಿಗಿ ಮಾಡುವುದು ಒಂದು ಕೇಸಿನ ದೋಷಕ್ಕೆ ಹತ್ತು ಕೇಸುಗಳನ್ನು ಶಿಕ್ಷಿಸಿದ ಹಾಗೆ. ಕೇಸುಗಳನ್ನು ಬುಡದ ಮೇಲಿನ ಮುದ್ರೆ ನೋಡಿ ವಿಂಗಡಿಸುವುದು ಬೇಸರದ ಕೆಲಸ ನಿಜ, ಆದರೆ ಪೀಣ್ಯದ ಯಾವ ಶಾಪಿನಲ್ಲೂ ಎರಡು ಬೇರೆ ಲಾಟಿನ ಕಚ್ಚಾವಸ್ತುವನ್ನು ಗುರುತು ಹಾಕದೆ ಒಂದೇ ಟ್ರೇಯಲ್ಲಿ ಸುರಿಯುವುದಿಲ್ಲವಲ್ಲ.

ಕ್ರಿಂಪ್ ಹಾಕಿದ ಮೇಲೆ ಅಂಚಿನ ಬಳಿ 9.58ರಿಂದ 9.60 ಮಿ.ಮೀ. ಬಂದರೆ ಹೊದಿಕೆಯ ಗುಂಡಿಗೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಇದನ್ನು ಅಳೆಯುವಾಗ ವರ್ನಿಯರಿನ ದವಡೆಯ ತೆಳು ಅಂಚನ್ನು ಬಳಸಿ, ತುಟ್ಟತುದಿಯಲ್ಲೇ ಹಿಡಿಯಿರಿ. ಒಂದು ಮಿಲಿಮೀಟರ್ ಕೆಳಗೆ ಹಿಡಿದರೆ ಅರಳು ಉಳಿದಿದ್ದರೂ ಅಳತೆಗೆ ಸಿಗುವುದಿಲ್ಲ.

ಬಾಯಿಯದೇ ಇನ್ನೊಂದು ಉಪದ್ರವವಿದೆ. ಗುಂಡು ಕೂರಿಸುವುದನ್ನೂ ಕ್ರಿಂಪ್ ಹಾಕುವುದನ್ನೂ ಒಂದೇ ಡೈಯಲ್ಲಿ ಒಂದೇ ಹೊಡೆತಕ್ಕೆ ಮುಗಿಸಿದರೆ, ಗುಂಡು ಇನ್ನೂ ಕೆಳಗೆ ಇಳಿಯುತ್ತಿರುವಾಗಲೇ ಬಾಯಿ ಮುಚ್ಚತೊಡಗುತ್ತದೆ. ಸೀಸದ ಗುಂಡಾಗಿದ್ದರೆ ಅಂಚಿನ ಮುಂದೆ ಸೀಸದ ತೆಳು ಉಂಗುರವೊಂದು ಎದ್ದು ನಿಲ್ಲುತ್ತದೆ. ಭೂತಗನ್ನಡಿ ಇಟ್ಟು ನೋಡಿದರೆ ಹೆರೆದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ತೋಟಾ ಚೇಂಬರಿಗೆ ಹೋದಾಗ ಮೆಟ್ಟಿಲಿಗೆ ತಾಗುವುದು ಈ ಸೀಸ, ಹಿತ್ತಾಳೆಯಲ್ಲ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡು ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತದೆ. ಎರಡು ಕೆಲಸಗಳಿಗೆ ಎರಡು ಡೈ ಇಟ್ಟುಕೊಳ್ಳುವುದೊಂದೇ ಇದಕ್ಕೆ ಪರಿಹಾರ. ಖರ್ಚು ಉಳಿಸಲು ಹೋಗುವ ಜಾಗ ಇದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಜಾಗ ಗುಂಡಿನ ಭುಜ. ಚೇಂಬರಿನ ಮೆಟ್ಟಿಲು ದಾಟಿದ ಮೇಲೆ ಸ್ವಲ್ಪ ದೂರ ನುಣುಪಾದ ಗಂಟಲು, ಆಮೇಲೆ ಗುಂಡನ್ನು ತಿರುಗಿಸುವ ರೈಫ್ಲಿಂಗಿನ ಏರುಗೆರೆಗಳು ಶುರುವಾಗುತ್ತವೆ. ಈ ಗಂಟಲಿನ ಉದ್ದ ಎಲ್ಲ ಪಿಸ್ತೂಲುಗಳಲ್ಲಿ ಒಂದೇ ಅಲ್ಲ. ಜೆಕ್ ದೇಶದ ಸಿ.ಝಡ್. 75ರ ವಂಶದ ಪಿಸ್ತೂಲುಗಳಲ್ಲಿ ಗಂಟಲು ಗಿಡ್ಡ ಎಂಬುದು ಶೂಟರುಗಳ ವಲಯದಲ್ಲಿ ಚಿರಪರಿಚಿತ ಸಂಗತಿ. 9 ಮಿ.ಮೀ. ತೋಟಾದ ಒಟ್ಟು ಉದ್ದದ ಗರಿಷ್ಠ ಮಿತಿ 29.69 ಮಿ.ಮೀ. ಎಂದು ಪ್ರಮಾಣಿತ ಅಳತೆಗಳ ಕೋಷ್ಟಕ ಹೇಳುತ್ತದೆ. ಆ ಉದ್ದವನ್ನು ಗುಂಡಿನ ತುದಿಯವರೆಗೆ ಅಳೆಯುತ್ತೇವೆ, ಆದರೆ ಏರುಗೆರೆಗೆ ತಾಗುವುದು ತುದಿಯಲ್ಲ, ಗುಂಡು ತನ್ನ ಪೂರ್ತಿ ವ್ಯಾಸಕ್ಕೆ ಬರುವ ಭುಜದ ಜಾಗ. ಚೂಪು ಮೂತಿಯ ಗುಂಡಿನಲ್ಲಿ ಭುಜ ಬಹಳ ಹಿಂದೆ ಇರುತ್ತದೆ, ಚಪ್ಪಟೆ ಮೂತಿಯದರಲ್ಲಿ ತುದಿಗೆ ಹತ್ತಿರವಿರುತ್ತದೆ. ಆದ್ದರಿಂದ ಒಂದು ಗುಂಡಿಗೆ 29 ಮಿ.ಮೀ. ಸರಿಹೋಯಿತೆಂದು ಇನ್ನೊಂದು ಗುಂಡನ್ನು ಅದೇ ಉದ್ದಕ್ಕೆ ಕೂರಿಸಿದರೆ ಭುಜ ನೇರವಾಗಿ ರೈಫ್ಲಿಂಗಿಗೆ ಒತ್ತಿ ನಿಲ್ಲಬಹುದು. ಗುಂಡಿನ ಆಕಾರ ಬದಲಾದಾಗ ಉದ್ದವನ್ನು ಹೊಸದಾಗಿ ನಿರ್ಧರಿಸಲೇಬೇಕು.

ಹಾಗಾದರೆ ಇವುಗಳನ್ನು ಪರೀಕ್ಷಿಸುವುದು ಹೇಗೆ? ಸಭೆಯಲ್ಲಿರುವ ಟೂಲ್‌ರೂಮಿನವರಿಗೆ 1905ರ ಟೇಲರ್ ತತ್ತ್ವ ಗೊತ್ತೇ ಇದೆ. 'ಗೋ' ಗೇಜು ಒಂದು ಭಾಗದ ಪೂರ್ತಿ ಆಕಾರವನ್ನು ಒಮ್ಮೆಗೇ ಪರೀಕ್ಷಿಸಬೇಕು, 'ನೋ-ಗೋ' ಗೇಜು ಒಂದೊಂದೇ ಅಳತೆಯನ್ನು ಪರೀಕ್ಷಿಸಬೇಕು. ತೋಟಾದ ಕೇಸ್ ಗೇಜು ಪೂರ್ತಿ ಆಕಾರದ ಗೋ ಗೇಜು. ಅದನ್ನು ಪ್ರಮಾಣಿತ ನಕ್ಷೆಯ ಕಡೆ ನೋಡಿಕೊಂಡು ಮಾಡಿರುತ್ತಾರೆ. ಅಮೆರಿಕದಲ್ಲಿ 1926ರಿಂದ ಇರುವ ಸ್ಯಾಮಿ, ಯುರೋಪಿನಲ್ಲಿ ಸಿ.ಐ.ಪಿ. ಎಂಬ ಪ್ರಮಾಣೀಕರಣ ಸಂಸ್ಥೆಗಳು ಆ ನಕ್ಷೆಗಳನ್ನು ಕಾಪಾಡುತ್ತವೆ. ಗೇಜು ಹೇಳುವುದಿಷ್ಟೇ: ಈ ತೋಟಾ ನಕ್ಷೆಯ ಮಿತಿಯೊಳಗಿದೆ. ನಿಮ್ಮ ಬ್ಯಾರಲ್ಲಿನ ಗಂಟಲು ಗಿಡ್ಡವೇ ಉದ್ದವೇ ಎಂಬುದು ಅದಕ್ಕೆ ಗೊತ್ತಿಲ್ಲ. ಬಹಳಷ್ಟು ಗೇಜುಗಳಲ್ಲಿ ಗಂಟಲಿನ ಭಾಗವನ್ನು ತೆರೆದೇ ಬಿಟ್ಟಿರುತ್ತಾರೆ, ಅಂಥದರಲ್ಲಿ ಗುಂಡಿನ ಭುಜದ ಪರೀಕ್ಷೆ ನಡೆಯುವುದೇ ಇಲ್ಲ. ಇನ್ನೊಂದು ದಿಕ್ಕಿನ ತಪ್ಪೂ ಇದೆ. ರಿಮ್ಮಿನ ಮೇಲೆ, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರು ಎಳೆದು ಎಬ್ಬಿಸಿದ ಸಣ್ಣ ಬರ್ (ಲೋಹದ ಮುಳ್ಳಂಚು) ಇದ್ದರೆ ತೋಟಾ ಗೇಜಿನಲ್ಲಿ ತಡೆಯುತ್ತದೆ, ಆದರೆ ಚೇಂಬರಿನಲ್ಲಿ ರಿಮ್ಮು ಹೊರಗೇ ಉಳಿಯುವುದರಿಂದ ಅಲ್ಲಿ ಸಲೀಸಾಗಿ ಕೂರುತ್ತದೆ.

ಆದುದರಿಂದ ಕೊನೆಯ ಮಾತು ನಿಮ್ಮ ಬ್ಯಾರಲ್ಲಿನದು. ಪಿಸ್ತೂಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬಿಚ್ಚಿ, ಬ್ಯಾರಲನ್ನು ಬೇರ್ಪಡಿಸಿ, ಮೂತಿ ಕೆಳಗೆ ಮಾಡಿ ಹಿಡಿಯಬೇಕು. ಮದ್ದೂ ಪ್ರೈಮರೂ ಇಲ್ಲದ ಡಮ್ಮಿ ತೋಟಾವನ್ನು ಚೇಂಬರಿನೊಳಗೆ ಬಿಡಬೇಕು. ಸರಿಯಾಗಿದ್ದರೆ ಅದು 'ಟಣ್' ಎಂದು ಲೋಹದ ಮೇಲೆ ಲೋಹ ಬಿದ್ದ ಸದ್ದು ಮಾಡುತ್ತದೆ. ತಡೆದರೆ ಸದ್ದು ಮಂಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಬುಡವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಡಿಲವಾಗಿ ತಿರುಗಬೇಕು. ಬ್ಯಾರಲನ್ನು ಬೋರಲು ಹಾಕಿದರೆ ತನ್ನ ಭಾರಕ್ಕೇ ಹೊರಬೀಳಬೇಕು. ಈ ಮೂರರಲ್ಲಿ ತಿರುಗಿಸುವ ಪರೀಕ್ಷೆಯನ್ನೇ ಹೆಚ್ಚಿನವರು ಬಿಡುತ್ತಾರೆ, ಗುಂಡಿನ ಭುಜ ರೈಫ್ಲಿಂಗಿಗೆ ಒರೆಸುತ್ತಿರುವುದನ್ನು ಹಿಡಿದುಕೊಡುವುದು ಮಾತ್ರ ಅದೇ.

ತಡೆದರೆ ಎಲ್ಲಿ ತಡೆಯಿತು ಎಂದು ಊಹಿಸುವ ಅಗತ್ಯವಿಲ್ಲ. ಡಮ್ಮಿ ತೋಟಾದ ಬುಡದಿಂದ ಗುಂಡಿನ ಭುಜದವರೆಗೆ ಕಪ್ಪು ಮಾರ್ಕರಿನ ಶಾಯಿ ಬಳಿದು, ಒಣಗಿಸಿ, ಚೇಂಬರಿಗೆ ಬಿಟ್ಟು, ಒಂದು ಸುತ್ತು ತಿರುಗಿಸಿ ಹೊರತೆಗೆಯಿರಿ. ಗುಂಡಿನ ಮೇಲೆ ಸಮಾನ ಅಂತರದಲ್ಲಿ ಸಣ್ಣ ಸಣ್ಣ ಹೊಳಪು ಗೀರುಗಳು ಕಂಡರೆ ಅದು ರೈಫ್ಲಿಂಗು, ಗುಂಡನ್ನು ಇನ್ನಷ್ಟು ಒಳಗೆ ಕೂರಿಸಬೇಕು. ಬಾಯಿಯ ಅಂಚಿನಲ್ಲಿ ಸುತ್ತಲೂ ಹಿತ್ತಾಳೆ ಹೊಳೆದರೆ ಅರಳು ಉಳಿದಿದೆ. ಬುಡದ ಬಳಿ ಪಟ್ಟಿ ಹೊಳೆದರೆ ಸೈಜಿಂಗ್ ಸಾಲದು. ಕೇಸಿನ ನಡುವೆ ಒಂದು ಬದಿ ಮಾತ್ರ ಹೊಳೆದರೆ ಗುಂಡು ಓರೆಯಾಗಿ ಕುಳಿತಿದೆ, ಅಥವಾ ಗುಂಡಿನ ಬುಡ ಕೇಸಿನ ಗೋಡೆ ದಪ್ಪವಾಗುವ ಭಾಗದವರೆಗೆ ಇಳಿದಿದೆ ಎಂದರ್ಥ. 147 ಗ್ರೇನ್ ತೂಕದ ಗುಂಡು 115 ಗ್ರೇನಿನದಕ್ಕಿಂತ ಉದ್ದ, ಆದ್ದರಿಂದ ಕೇಸಿನೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಕೇಸಿನ ಗೋಡೆ ಬುಡದ ಕಡೆಗೆ ಹೋದಂತೆ ದಪ್ಪವಾಗುತ್ತದೆ. ಇವೆರಡು ಸೇರಿದಲ್ಲಿ ಹೊರಗೆ ಉಬ್ಬು ಕಾಣಿಸಿಕೊಳ್ಳುತ್ತದೆ.

ಹೊಸ ಗುಂಡಿಗೆ ಉದ್ದ ನಿರ್ಧರಿಸುವಾಗ ಬಳಸುವ ಕ್ರಮವೂ ಇದೇ ಪರೀಕ್ಷೆಯ ಮೇಲೆ ನಿಂತಿದೆ. ಡಮ್ಮಿಯನ್ನು ಬೇಕೆಂದೇ ಉದ್ದ ಮಾಡಿ, ಸ್ವಲ್ಪ ಸ್ವಲ್ಪವೇ ಗುಂಡನ್ನು ಒಳಗೆ ಇಳಿಸುತ್ತ, ಪ್ರತಿ ಸಲ ಬ್ಯಾರಲ್ಲಿಗೆ ಬಿಟ್ಟು ತಿರುಗಿಸಿ ನೋಡಬೇಕು. ಮೊದಲ ಬಾರಿಗೆ ಸಡಿಲವಾಗಿ ತಿರುಗಿದ ಉದ್ದ ಆ ಬ್ಯಾರಲ್ಲಿನ, ಆ ಗುಂಡಿನ ಮೇಲ್ಮಿತಿ. ಅದಕ್ಕಿಂತ ಸುಮಾರು 0.4 ಮಿ.ಮೀ. ಕಡಿಮೆ ಇಟ್ಟುಕೊಂಡರೆ ಗುಂಡಿನಿಂದ ಗುಂಡಿಗೆ ಇರುವ ಸಣ್ಣ ವ್ಯತ್ಯಾಸಗಳಿಗೆ ಜಾಗ ಸಿಗುತ್ತದೆ. ಆದರೆ ಕೆಳಗಿನ ದಿಕ್ಕಿನಲ್ಲಿ ಮನಬಂದಂತೆ ಹೋಗುವಂತಿಲ್ಲ. 9 ಮಿ.ಮೀ. ಕೇಸಿನ ಒಳಜಾಗ ಚಿಕ್ಕದು, ಅದರ ಗರಿಷ್ಠ ಸರಾಸರಿ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡು. ಗುಂಡು ಒಳಗೆ ಸರಿದಷ್ಟೂ ಆ ಚಿಕ್ಕ ಜಾಗ ಇನ್ನೂ ಚಿಕ್ಕದಾಗಿ ಒತ್ತಡ ಕಡಿದಾಗಿ ಏರುತ್ತದೆ. ಮದ್ದಿನ ಪ್ರಮಾಣದ ಪ್ರಕಟಿತ ಕೋಷ್ಟಕಗಳಲ್ಲಿ ಪರೀಕ್ಷೆಗೆ ಬಳಸಿದ ಉದ್ದವನ್ನು ಬರೆದಿರುತ್ತಾರೆ. ನಿಮ್ಮ ಬ್ಯಾರಲ್ಲು ಅದಕ್ಕಿಂತ ಗಿಡ್ಡ ತೋಟಾವನ್ನು ಕೇಳಿದರೆ ಆ ಕೋಷ್ಟಕ ನಿಮಗೆ ಅನ್ವಯಿಸುವುದಿಲ್ಲ, ಬೇರೆ ಗುಂಡನ್ನು ಆರಿಸಿಕೊಳ್ಳುವುದೇ ವಿವೇಕ.

ಇಲ್ಲಿಗೆ ಕೂರುವ ವಿಷಯ ಮುಗಿಯಿತು. ಬರುವ ವಿಷಯದಲ್ಲಿ ಮೊದಲು ಆಗುವುದನ್ನು ನಿಧಾನವಾಗಿ ಕಲ್ಪಿಸಿಕೊಳ್ಳಿ. ಸ್ಲೈಡು ಹಿಂದೆ ಹೋಗಿ ಮರಳುವಾಗ ಮ್ಯಾಗಜೀನಿನ ಮೇಲಿನ ತೋಟಾದ ಬುಡವನ್ನು ಹಿಂದಿನಿಂದ ತಳ್ಳುತ್ತದೆ. ತೋಟಾ ಮ್ಯಾಗಜೀನಿನ ತುಟಿಗಳ ಕೆಳಗೆ ಜಾರುತ್ತ ಮುಂದೆ ಬಂದು, ಗುಂಡಿನ ಮೂತಿ ಬ್ಯಾರಲ್ಲಿನ ಇಳಿಜಾರಿಗೆ ತಾಗಿ ಮೇಲಕ್ಕೆ ಏರುತ್ತದೆ. ಬುಡ ತುಟಿಗಳಿಂದ ಬಿಡಿಸಿಕೊಂಡ ಕೂಡಲೇ ರಿಮ್ಮು ಸ್ಲೈಡಿನ ಮುಖದ ಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಸೇರುತ್ತದೆ. ತೋಟಾ ಓರೆಯಿಂದ ನೇರವಾಗುತ್ತ ಚೇಂಬರಿಗೆ ಇಳಿಯುತ್ತದೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಮುಗಿಯುವ ಈ ಪಯಣದಲ್ಲಿ ತೋಟಾದ ಉದ್ದ ಎಂದರೆ ಅದು ಏರುವ ಕೋನ. ಗಿಡ್ಡವಾದರೆ ಮೂತಿ ಬೇಗ ತುಟಿ ಬಿಟ್ಟು ಕೆಳಗೆ ಬಾಗಿ ಇಳಿಜಾರಿನ ಬುಡಕ್ಕೆ ಹೋಗಿ ಕುಟ್ಟುತ್ತದೆ. ಉದ್ದವಾದರೆ ಮೂತಿ ಮ್ಯಾಗಜೀನಿನ ಮುಂಗೋಡೆಗೆ ಉಜ್ಜುತ್ತ ಮೇಲೇಳಲು ಮೊಂಡಾಟ ಮಾಡುತ್ತದೆ. ಬ್ಯಾರಲ್ಲಿನಲ್ಲಿ ಸೊಗಸಾಗಿ ಟಣ್ ಎಂದ ತೋಟಾ ಮ್ಯಾಗಜೀನಿನಿಂದ ಬರಲು ನಿರಾಕರಿಸುವುದು ಈ ಕಾರಣಕ್ಕೆ. ಕೂರುವ ಪರೀಕ್ಷೆ ಉದ್ದಕ್ಕೆ ಮೇಲ್ಮಿತಿಯನ್ನು ಹೇಳುತ್ತದೆ, ಕೆಳಮಿತಿಯನ್ನು ಒಂದು ಕಡೆ ಒತ್ತಡ, ಇನ್ನೊಂದು ಕಡೆ ಮ್ಯಾಗಜೀನು ಹೇಳುತ್ತವೆ.

ಎಲ್ಲಿ ನಿಂತಿತು ಎಂಬುದನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಸ್ಲೈಡು ಅರ್ಧದಲ್ಲಿ ನಿಂತು ಮೂತಿ ಇಳಿಜಾರಿಗೆ ಒತ್ತಿದ್ದರೆ ಅದು ಬರುವ ದೋಷ. ಸ್ಲೈಡು ಬಹುತೇಕ ಪೂರ್ತಿ ಬಂದು, ಕೊನೆಯ ಒಂದೆರಡು ಮಿಲಿಮೀಟರು ಉಳಿದು ಹೆಬ್ಬೆರಳಿನ ಒತ್ತಡಕ್ಕೆ ಮುಚ್ಚಿಕೊಂಡರೆ ಅದು ಕೂರುವ ದೋಷ. ಎರಡನೆಯದಕ್ಕೆ ಮ್ಯಾಗಜೀನನ್ನು ಬಗ್ಗಿಸಲು ಹೋಗುವುದು, ಮೊದಲನೆಯದಕ್ಕೆ ಕ್ರಿಂಪ್ ಬಿಗಿ ಮಾಡುವುದು ದಿನನಿತ್ಯ ನಡೆಯುವ ವ್ಯರ್ಥ ಕೆಲಸಗಳು. ಮುಚ್ಚದ ಸ್ಲೈಡನ್ನು ಅಂಗೈಯಿಂದ ಗುದ್ದಿ ಮುಚ್ಚುವ ಚಾಳಿಯಂತೂ ಬೇಡವೇ ಬೇಡ.

ಬರುವಾಗ ಆಗುವ ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಮೂತಿ ಇಳಿಜಾರಿಗೆ ಬಡಿದಾಗ, ಬಿಗಿ ಸಾಲದ ಗುಂಡು ಕೇಸಿನೊಳಗೆ ಸರಿದುಬಿಡುತ್ತದೆ. ಮೊದಲೇ ಹೇಳಿದ ಒತ್ತಡದ ಅಪಾಯ ಹೀಗೆ ಸದ್ದಿಲ್ಲದೆ ಬಂದು ಸೇರುತ್ತದೆ. ಇದನ್ನು ಪರೀಕ್ಷಿಸಲು ಡಮ್ಮಿ ತೋಟಾದ ಉದ್ದ ಅಳೆದು, ಮ್ಯಾಗಜೀನಿಗೆ ಹಾಕಿ, ಸ್ಲೈಡನ್ನು ಹಿಂದೆಳೆದು ಬಿಟ್ಟು ಚೇಂಬರಿಗೆ ಬರಮಾಡಿ, ಹೊರತೆಗೆದು ಮತ್ತೆ ಅಳೆಯಬೇಕು. ಉದ್ದ ಕಡಿಮೆಯಾಗುತ್ತ ಹೋದರೆ ಬಿಗಿ ಸಾಲದು. ಸೈಜಿಂಗ್ ಡೈ ಕೇಸನ್ನು ಸಾಕಷ್ಟು ಕುಗ್ಗಿಸುತ್ತಿಲ್ಲ, ಇಲ್ಲವೇ ಅರಳಿಸುವ ಕಡ್ಡಿ ದಪ್ಪವಾಗಿ ಬಿಗಿಯನ್ನು ತಿಂದುಹಾಕುತ್ತಿದೆ, ಇಲ್ಲವೇ ಕೇಸಿನ ಗೋಡೆ ತೀರ ತೆಳು. ನೀವು ಗಮನಿಸಬೇಕಾದದ್ದು, ಈ ಪಟ್ಟಿಯಲ್ಲಿ ಕ್ರಿಂಪಿನ ಹೆಸರಿಲ್ಲ.

ನಮ್ಮ ಶೂಟರುಗಳಿಗೆ ಹೆಚ್ಚು ಹತ್ತಿರದ ಉದಾಹರಣೆ 9 ಮಿ.ಮೀ. ಅಲ್ಲ. ಆ ಬೋರು ಇಲ್ಲಿ ನಿಷೇಧಿತ ವರ್ಗದಲ್ಲಿದೆ. ಅಂತರರಾಷ್ಟ್ರೀಯ ನಿಯಮಗಳ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಗೆ 7.62ರಿಂದ 9.65 ಮಿ.ಮೀ. ಕ್ಯಾಲಿಬರಿಗೆ ಅವಕಾಶವಿದ್ದರೂ ಅಲ್ಲಿ ಹೆಚ್ಚಾಗಿ ಕಾಣುವುದು .32 ಎಸ್ ಅಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 600ಕ್ಕೆ 590 ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಈ ಸ್ಪರ್ಧೆಯಲ್ಲೇ. ಈ ತೋಟಾವನ್ನು 1896ರಲ್ಲಿ ರೂಪಿಸಿದ್ದು ರಿವಾಲ್ವರಿಗಾಗಿ. ಅದಕ್ಕೆ ರಿಮ್ಮು ಇದೆ, ವಾಡ್‌ಕಟರ್ ಗುಂಡಿಗೆ ಮೂತಿಯೇ ಇಲ್ಲ. ಗುಂಡು ಕೇಸಿನ ಬಾಯಿಯ ಮಟ್ಟಕ್ಕೇ ಮುಳುಗಿ ಕುಳಿತಿರುತ್ತದೆ, ಗುರಿಕಾಗದದಲ್ಲಿ ಪಂಚಿನಿಂದ ಹೊಡೆದಂತೆ ದುಂಡು ರಂಧ್ರ ಮಾಡಲಿ ಎಂಬ ಉದ್ದೇಶದಿಂದ. ಇಂಥ ಚಪ್ಪಟೆ ತುದಿಯ ಸಿಲಿಂಡರನ್ನು ಅರೆ-ಸ್ವಯಂಚಾಲಿತ ಪಿಸ್ತೂಲು ಮ್ಯಾಗಜೀನಿನಿಂದ ಎತ್ತಿ ಚೇಂಬರಿಗೆ ತಳ್ಳಬೇಕು. ನಾವು ಇದುವರೆಗೆ ಹೇಳಿದ ಬಹಳಷ್ಟು ಮಾತುಗಳು ಇಲ್ಲಿ ತಲೆಕೆಳಗಾಗುತ್ತವೆ.

ಇಲ್ಲಿ ತೋಟಾವನ್ನು ನಿಲ್ಲಿಸುವುದು ರಿಮ್ಮು, ಬಾಯಿಯಲ್ಲ. ಆದ್ದರಿಂದ ಬಾಯಿಯನ್ನು ಗುಂಡಿನ ಅಂಚಿನ ಮೇಲೆ ತುಸು ಒಳಕ್ಕೆ ದುಂಡಗೆ ಮಡಚಬಹುದು, ಮಡಚಲೂ ಬೇಕು, ಏಕೆಂದರೆ ಚೇಂಬರಿನ ಬಾಯಿಗೆ ತಾಗುವುದು ಆ ಹಿತ್ತಾಳೆಯ ಅಂಚು. ಅದು ಚೂಪಾಗಿ ಉಳಿದರೆ ಚೇಂಬರಿನ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಉದ್ದದ ಆಯ್ಕೆಯೂ ಇಲ್ಲಿ ಇಲ್ಲ, ಕೇಸಿನ ಉದ್ದವೇ ತೋಟಾದ ಉದ್ದ. ಹಾಗಾಗಿ ಕೇಸುಗಳು ಒಂದೇ ಉದ್ದವಿರುವುದು 9 ಮಿ.ಮೀ.ನಲ್ಲಿ ಇರುವುದಕ್ಕಿಂತ ಇಲ್ಲಿ ಹೆಚ್ಚು ಮುಖ್ಯ. ಉದ್ದ ಏರಿಳಿದರೆ ಮಡಚೂ ಏರಿಳಿಯುತ್ತದೆ. ಮ್ಯಾಗಜೀನು ತುಂಬುವಾಗ ಮೇಲಿನ ತೋಟಾದ ರಿಮ್ಮು ಕೆಳಗಿನದರ ರಿಮ್ಮಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದು ಇನ್ನೊಂದನ್ನು ಕೊಕ್ಕೆಯಂತೆ ಹಿಡಿದುಕೊಂಡು ಎರಡೂ ನಿಲ್ಲುತ್ತವೆ. ಸ್ಪರ್ಧೆಯ ಮಧ್ಯೆ ಹೀಗಾದರೆ ಪಿಸ್ತೂಲನ್ನು ಗುರಿಯ ದಿಕ್ಕಿಗೇ ಹಿಡಿದು, ಖಾಲಿ ಕೈಯೆತ್ತಿ ಅಧಿಕಾರಿಯನ್ನು ಕರೆಯಬೇಕೇ ಹೊರತು ತಾನೇ ಬಿಚ್ಚಲು ಹೋಗಬಾರದು. ಅದು ಒಪ್ಪಬಹುದಾದ ದೋಷವೇ ಅಲ್ಲವೇ ಎಂದು ತೀರ್ಮಾನಿಸುವುದು ಅವರ ಕೆಲಸ.

ಪ್ರೈಮರಿನ ಬಗ್ಗೆ ಎರಡು ವಾಕ್ಯ ಸಾಕು. ಅದು ಕೇಸಿನ ಬುಡಕ್ಕಿಂತ 0.1 ಮಿ.ಮೀ. ಆಸುಪಾಸು ಒಳಗಿರಬೇಕು. ಹೊರಗೆ ಉಬ್ಬಿದ್ದರೆ ರಿಮ್ಮು ಎಕ್ಸ್‌ಟ್ರಾಕ್ಟರಿನ ಕೆಳಗೆ ಜಾರುವುದಕ್ಕೂ ಅಡ್ಡಿ, ಮೊದಲ ಹೊಡೆತದಲ್ಲಿ ಹೊತ್ತದಿರುವುದಕ್ಕೂ ಕಾರಣ, ಜೊತೆಗೆ ಅಪಾಯ ಕೂಡ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಪ್ರತಿಯೊಂದು ತೋಟಾವನ್ನೂ ಬ್ಯಾರಲ್ಲಿಗೆ ಬಿಟ್ಟು ನೋಡಬೇಕೇ, ಅಥವಾ ನೂರಕ್ಕೆ ಹತ್ತು ಸಾಕೇ? ಕಾರ್ಖಾನೆಯಲ್ಲಿ ಮಾದರಿ ತಪಾಸಣೆ ನಡೆಯುವುದು ಪ್ರಕ್ರಿಯೆ ಸ್ಥಿರವಾಗಿದೆ ಎಂಬ ಭರವಸೆಯ ಮೇಲೆ. ಒಂದೇ ಲಾಟಿನ ಹಿತ್ತಾಳೆ, ಒಂದೇ ಲಾಟಿನ ಗುಂಡು ಇದ್ದು ಡೈಗಳನ್ನು ಮುಟ್ಟದಿದ್ದರೆ ಹತ್ತು ನೋಡುವುದರಲ್ಲಿ ಅರ್ಥವಿದೆ. ಬೆರಕೆ ಕೇಸುಗಳಾದರೆ ಆ ಹತ್ತು ಉಳಿದ ತೊಂಬತ್ತರ ಬಗ್ಗೆ ಏನನ್ನೂ ಹೇಳುವುದಿಲ್ಲ, ಪ್ರತಿಯೊಂದನ್ನೂ ಗೇಜಿಗೆ ಬಿಡಲೇಬೇಕು. ಆದರೆ ಮದ್ದು ತುಂಬಿದ ತೋಟಾವನ್ನು ಪಿಸ್ತೂಲಿನಲ್ಲಿ ಜೋಡಿಸಿದ ಬ್ಯಾರಲ್ಲಿಗೆ ಬಿಟ್ಟು ನೋಡುವುದು ಖಂಡಿತ ಸಲ್ಲದು. ಬ್ಯಾರಲ್ಲು ಬೇರ್ಪಟ್ಟಿರಬೇಕು. ಲಾಟು ಬದಲಾದ ದಿನ ಡಮ್ಮಿಯೊಂದಿಗೆ ಮೊದಲಿನಿಂದ ಶುರುಮಾಡಬೇಕು, ಹೊಂದಿಕೆಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗುಂಡು ಕೂರಿಸುವ ಆಳವನ್ನೂ ಕ್ರಿಂಪನ್ನೂ ಒಟ್ಟಿಗೆ ತಿರುಗಿಸಿ ತೋಟಾ ಸರಿಹೋದರೆ, ಸರಿಹೋದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಇನ್ನೊಬ್ಬರು ಕೇಳಿದ್ದಾರೆ: ತೋಟಾ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ, ಆದರೂ ಆಗೊಮ್ಮೆ ಈಗೊಮ್ಮೆ ಸಿಕ್ಕಿಕೊಂಡರೆ? ಆಗ ತೋಟಾವನ್ನು ಬಿಟ್ಟು ಮ್ಯಾಗಜೀನನ್ನು ನೋಡಿ. ಎಲ್ಲ ಮ್ಯಾಗಜೀನುಗಳ ತಳಕ್ಕೂ ಒಂದೊಂದು ಸಂಖ್ಯೆ ಬರೆಯಿರಿ, ಸಿಕ್ಕಿಕೊಂಡಾಗಲೆಲ್ಲ ಯಾವ ಸಂಖ್ಯೆಯದು, ಎಷ್ಟನೆಯ ತೋಟಾ ಎಂದು ಗುರುತು ಹಾಕಿ. ಪ್ರತಿ ಸಲವೂ ಒಂದೇ ಮ್ಯಾಗಜೀನು ಬಂದರೆ ಅದರ ತುಟಿ ಅಗಲಿದೆ. ಮ್ಯಾಗಜೀನು ಯಾವುದಾದರೂ ಕೊನೆಯ ತೋಟಾದಲ್ಲೇ ಆದರೆ ಸ್ಪ್ರಿಂಗು ಸೋತಿದೆ. ಇವೆರಡೂ ಅಲ್ಲದಿದ್ದರೆ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಕೂಡಿರುವ ಮಸಿಯನ್ನು ಕೆರೆದು ತೆಗೆದು ನೋಡಿ. ರಿಮ್ಮು ಜಾರಿ ಸೇರಬೇಕಾದ ಜಾಗ ತುಂಬಿಹೋಗಿದ್ದರೆ ಅಳತೆ ಸರಿಯಿರುವ ತೋಟಾವೂ ಅಲ್ಲಿ ನಿಲ್ಲುತ್ತದೆ.